ಬೇರೆ ಯಾರೂ ಇಲ್ಲದ ಫೋಟೊ

ಉಜ್ಬೇಕಿಸ್ತಾನದ ಸಮರ್‌ಖಂಡದಲ್ಲಿ, ಮೂರು ಬದಿಗೂ ಹಳೆಯ ಭಾರಿ ಮದರಸಾ ಕಟ್ಟಡಗಳಿರುವ ರೆಗಿಸ್ತಾನ್ ಚೌಕದಲ್ಲಿ ನಿವೃತ್ತ ಚೀಫ್ ಎಂಜಿನಿಯರ್ ಹಾಲಪ್ಪನವರು ಇಡೀ ಪ್ರವಾಸಿ ತಂಡವನ್ನು ಅರ್ಧ ಗಂಟೆಯಿಂದ ಬಿಸಿಲಲ್ಲಿ ಕಾಯಿಸಿದ್ದರು. "ಫೋಟೊದಲ್ಲಿ ಮೂರೂ ಕಟ್ಟಡ ಪೂರ್ತಿ ಬರಬೇಕು. ಬೇರೆ ಒಬ್ಬರ ಮುಖವೂ ಕಾಣಬಾರದು." ಗೈಡ್ ಜನರನ್ನು ಅತ್ತ ಸರಿಸಿದರೆ ಇತ್ತಲಿಂದ ಬೇರೆಯವರು ಬರುತ್ತಿದ್ದರು.

ತಂಡದ ಅಡುಗೆಯವನು ಸುಬ್ರಾಯ. ಅವನ ಮೊಸರನ್ನ ಹುಳಿಯಾಗುತ್ತಿತ್ತು. "ಕೊಡಿ ಸಾರ್, ನಾನು ತೆಗೀತೀನಿ" ಎಂದು ಫೋನು ಇಸಿದುಕೊಂಡ. ಹಿಂದಕ್ಕೆ ಸರಿಯುತ್ತ ಸರಿಯುತ್ತ ರಸ್ತೆಯಂಚಿಗೇ ಹೋಗಿ ಕ್ಲಿಕ್ಕಿಸಿ ಬಂದ.

"ಇದರಲ್ಲಿ ನಾನೆಲ್ಲಿದ್ದೀನಯ್ಯ?"

"ನಡುವಿನ ಬಾಗಿಲ ಹತ್ತಿರ ಸಾರ್, ಸಾಸಿವೆಕಾಳಿನಷ್ಟು. ಕಟ್ಟಡ ಪೂರ್ತಿ ಬಂದಿದೆ. ಒಬ್ಬರ ಮುಖವೂ ಕಾಣಲ್ಲ."

ಹಾಲಪ್ಪನವರು ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ತಮ್ಮನ್ನು ಹುಡುಕಿದರು. ಆಮೇಲೆ, ಅಷ್ಟು ಹೊತ್ತು ಬೆನ್ನು ಹಾಕಿ ನಿಂತಿದ್ದ ಕಟ್ಟಡದ ಕಡೆ ತಿರುಗಿ, ತಲೆಯೆತ್ತಿ ನೋಡುತ್ತ ನಿಂತುಬಿಟ್ಟರು.

ಊಟ ಇನ್ನಷ್ಟು ತಡವಾಯಿತು. ಈ ಸಲ ಸುಬ್ರಾಯ ಅವಸರ ಮಾಡಲಿಲ್ಲ.