ಕಾರಿಗೆ ಹಚ್ಚಿದ ಬೆಣ್ಣೆ

ಹತ್ತಿರ ಸರಿದು ಕೂತ್ಕೊಳ್ಳಿ ಮಕ್ಕಳೇ. ಮೂಡಲಪುರ ಅನ್ನೋ ರಾಜ್ಯದಲ್ಲಿ ಹೊನ್ನಪ್ಪರಾಜ ಅಂತ ಒಬ್ಬ ಅರಸ ಇದ್ದ. ಅರಸ ಅಂದರೆ ಆನೆ ಇರಬೇಕು, ಕುದುರೆ ಇರಬೇಕು ಅಂತೀರಾ? ಅದೆಲ್ಲ ಹಳೇ ಕಾಲ. ಈ ಅರಸನ ಹತ್ತಿರ ಒಂದು ಕಪ್ಪು ಕಾರಿತ್ತು. ಅದರ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಿದರೇನೇ ಅವನಿಗೆ ಬೆಳಗಾಗುತ್ತಿತ್ತು.

ಕಾರಿಗೆ ಹೊಳಪು ಕೊಡುತ್ತಿದ್ದವಳು ನಂಜವ್ವ. ಕಾರು ನಿಲ್ಲಿಸುವ ಕೊಟ್ಟಿಗೆಯ ಪಕ್ಕದ ಪುಟ್ಟ ಮನೆಯಲ್ಲೇ ಅವಳ ವಾಸ. ಉಜ್ಜುವ ಯಂತ್ರ ಆ ರಾಜ್ಯಕ್ಕಿನ್ನೂ ಬಂದಿರಲಿಲ್ಲ. ಇದ್ದದ್ದು ಅವಳ ಎರಡು ಕೈ, ಜೊತೆಗೆ ಅವಳ ಬಾಯಿ. ಕೈ ಎಷ್ಟು ಮೆತ್ತಗೋ ಬಾಯಿ ಅಷ್ಟೇ ಜೋರು.

ಕಾರನ್ನು ಹೊಂಗೆ ಮರದ ನೆರಳಿಗೆ ತರಿಸೋಳು. ನೀರು ಸುರಿದು ಧೂಳು ಬಿಡಿಸೋಳು. ಹಳೇ ಪಂಚೆಯ ತುಂಡಿಗೆ ಒಂಚೂರು ಮೇಣ ತಗೊಂಡು, ಅಂಗೈ ಅಗಲದ ಜಾಗಕ್ಕೆ ಸುತ್ತಿ ಸುತ್ತಿ ತೀಡೋಳು. ಮೇಣ ಒಣಗಿ ಬೆಳ್ಳಗಾದ ಮೇಲೆ ಬೇರೆ ಬಟ್ಟೆಯಲ್ಲಿ ಒರೆಸೋಳು. ಆಮೇಲೆ ಪಕ್ಕದ ಅಂಗೈ ಅಗಲ. ಬಟ್ಟೆ ನೆಲಕ್ಕೆ ಬಿತ್ತೋ, ಮತ್ತೆ ಅದನ್ನು ಕಾರಿಗೆ ಮುಟ್ಟಿಸುತ್ತಿರಲಿಲ್ಲ. "ಒಂದು ಮರಳಿನ ಕಾಳು ಸಾಕು ಕಣ್ರಪ್ಪಾ, ಅರಸರ ಮೂಗಿನ ಮೇಲೆ ಗೀರು ಬೀಳಕ್ಕೆ" ಅನ್ನೋಳು.

ಅದೇ ಅರಮನೆಯಲ್ಲಿ ಸುಬ್ಬರಸ ಅಂತ ಒಬ್ಬ ಪಾರುಪತ್ತೇಗಾರ. ಅರಮನೆಯ ಉಸ್ತುವಾರಿ ನೋಡೋದು ಅವನ ಕೆಲಸ. ಅವನು ಮಾಡುತ್ತಿದ್ದದ್ದು ಮಾತ್ರ ಅರಸನಿಗೆ ಬೆಣ್ಣೆ ಹಚ್ಚೋದು. ಅರಸ ಕೆಮ್ಮಿದರೆ "ಆಹಾ, ಏನು ರಾಗ!" ಅನ್ನೋನು. ಎಡವಿದರೆ "ಓಹೋ, ಏನು ನಾಟ್ಯ!" ಅನ್ನೋನು. ಗೊರಕೆ ಹೊಡೆದರೆ "ಸಿಂಹ ಗರ್ಜನೆ!" ಅಂತ ಕೈ ಮುಗಿಯೋನು. ಊರವರೆಲ್ಲ ಅವನಿಗೆ ಬೆಣ್ಣೆ ಸುಬ್ಬರಸ ಅಂತಲೇ ಹೆಸರಿಟ್ಟಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು.

ಒಂದು ದಿನ ಅರಸ ಕಾರು ನೋಡಿ, "ಭಲೇ! ಯಾರಪ್ಪಾ ಉಜ್ಜಿದ್ದು?" ಅಂದ.

"ನಾನೇ ಮಹಾಸ್ವಾಮಿ, ನನ್ನ ಕೈಯಾರೆ" ಅಂದುಬಿಟ್ಟ ಸುಬ್ಬರಸ. ಅರಸ ಅವನಿಗೆ ಶಾಲು ಹೊದಿಸಿದ.

ಇನ್ನೊಂದು ದಿನ ಅರಸ ಮತ್ತೆ ಕೇಳಿದ. ಸುಬ್ಬರಸ ಮತ್ತೆ "ನಾನೇ" ಅಂದ. ಅರಸ ಉಂಗುರ ತೊಡಿಸಿದ.

ಮೂರನೇ ಸಲವೂ "ನಾನೇ" ಅಂದ. ಆಗ ಅರಸ, "ಎಲ್ಲಾ ನೀನೇ ಮಾಡೋದಾದರೆ ಆ ನಂಜವ್ವ ಯಾಕಯ್ಯಾ ದಂಡಕ್ಕೆ? ಅವಳ ಮನೆ ಖಾಲಿ ಮಾಡಿಸು. ನಾಳೆ ಪಡುವಲಪುರದ ಅರಸನ ಮಗನ ಮದುವೆ. ಕಾರು ಫಳಫಳ ಅನ್ನಬೇಕು" ಅಂದ.

ಸುಬ್ಬರಸ ಇಕ್ಕಟ್ಟಿಗೆ ಸಿಕ್ಕಿದ. ಬೇಡ ಅಂದರೆ ಸುಳ್ಳು ಸಿಕ್ಕಿಬೀಳುತ್ತೆ. ಅದಕ್ಕೆ "ಅಪ್ಪಣೆ" ಅಂದ.

ನಂಜವ್ವನಿಗೆ ಹೊಟ್ಟೆ ಉರಿಯಿತು. ಅಳುವೂ ಬಂತು. ತೀಡಿ ತೀಡಿ ಬೆರಳು ಸವೆಸಿದವಳು ಅವಳು, ಶಾಲು ಅವನಿಗೆ. ಈಗ ತಲೆ ಮೇಲಿನ ಸೂರೂ ಹೋಯಿತಲ್ಲ! ಅವಳು ಗಂಟು ಕಟ್ಟುತ್ತಿದ್ದಾಗ ಸುಬ್ಬರಸ ಮೆಲ್ಲಗೆ ಬಂದು ಬಾಗಿಲಲ್ಲಿ ನಿಂತ.

"ಅಲ್ಲವೇ ನಂಜವ್ವ, ಕಾರಿಗೆ ಏನು ಹಚ್ಚುತ್ತೀಯ ನೀನು?"

ನಂಜವ್ವ ಕಣ್ಣು ಒರೆಸಿಕೊಂಡಳು. "ನಿಮಗೆ ಗೊತ್ತಿಲ್ಲದ್ದಾ ಬುದ್ಧಿ? ಅರಸರಿಗೆ ದಿನಾ ಏನು ಹಚ್ತೀರೋ ಅದನ್ನೇ ಹಚ್ಚಿ."

ಸುಬ್ಬರಸ ತಲೆ ಕೆರೆದುಕೊಂಡ. ನಾನು ಅರಸರಿಗೆ ಏನು ಹಚ್ಚುತ್ತೇನೆ? ಅರೆ, ಊರಿಗೇ ಗೊತ್ತಲ್ಲ! ಅಡುಗೆಮನೆಗೆ ಓಡಿದ. ಒಂದು ಗಡಿಗೆ ಬೆಣ್ಣೆ ತಂದು ಕಾರಿಗೆಲ್ಲ ಮೆತ್ತಿದ.

ಬೆಳಗಿನ ತಂಪಿನಲ್ಲಿ ಕಾರು ಹೊಳೆದದ್ದೇ ಹೊಳೆದದ್ದು. ಅರಸ ಹಿಗ್ಗಿ ಹೀರೇಕಾಯಿಯಾಗಿ, ಸುಬ್ಬರಸನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಕೆರೆ ಏರಿ ದಾಟುವಾಗ ಕಾರಿಗೆ ಧೂಳು ಮೆತ್ತಿಕೊಂಡಿತು. ಬಿಸಿಲೇರಿದಾಗ ನೊಣ ಮುತ್ತಿಕೊಂಡವು. ಪಡುವಲಪುರದ ಬಾಗಿಲಿಗೆ ಬರುವ ಹೊತ್ತಿಗೆ ಊರ ನಾಯಿಗಳೆಲ್ಲ ಸುತ್ತ ನಿಂತು ಕಾರು ನೆಕ್ಕತೊಡಗಿದವು. "ಅರಸರ ಕಾರು ಕಂಬಳಿ ಹೊದ್ದು ಬಂತು!" ಅಂತ ಮಕ್ಕಳು ಕೇಕೆ ಹಾಕಿದವು. ಹೊನ್ನಪ್ಪರಾಜ ಹಾರವನ್ನೂ ಹಾಕಿಸಿಕೊಳ್ಳದೆ ಹಿಂದಿರುಗಿದ.

ನಂಜವ್ವ ಇನ್ನೂ ಹೋಗಿರಲಿಲ್ಲ. ಗಂಟು ಇಟ್ಟುಕೊಂಡು ಮರದ ಕೆಳಗೆ ಕೂತಿದ್ದಳು.

"ಏನು ಹಚ್ಚಿದೆಯೋ ಕಾರಿಗೆ?" ಅರಸ ಸುಬ್ಬರಸನ ಮೇಲೆ ಗುಡುಗಿದ.

"ಬೆ... ಬೆಣ್ಣೆ, ಮಹಾಸ್ವಾಮಿ. ಇವಳೇ ಹೇಳಿದ್ದು!"

"ಇಷ್ಟು ದಿನ ಉಜ್ಜಿದವನು ನೀನು. ಏನು ಹಚ್ಚಬೇಕು ಅಂತ ಇವಳನ್ನು ಕೇಳಿದೆಯಾ?"

ನಂಜವ್ವ ಎದ್ದು ನಿಂತಳು.

"ನಾನು ಬೆಣ್ಣೆ ಅಂತ ಅನ್ನಲೇ ಇಲ್ಲ ಬುದ್ಧಿ. ಅರಸರಿಗೆ ಹಚ್ಚೋದನ್ನೇ ಹಚ್ಚಿ ಅಂದೆ. ಅದು ಬೆಣ್ಣೆ ಅಂತ ಒಪ್ಪಿಕೊಂಡೋರು ಅವರೇ."

ಅರಸ ಬಾನೆಟ್ಟಿನ ಮೇಲೆ ಬೆರಳು ಎಳೆದು, ಮೆತ್ತಿಕೊಂಡ ಧೂಳು ನೋಡಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ: "ಹಾಗಾದರೆ ನಂಜವ್ವ, ನನಗೂ ಇಷ್ಟೇ ಧೂಳು ಮೆತ್ತಿರಬೇಕಲ್ಲವಾ?"

"ಅದನ್ನ ನಾನು ಬೇರೆ ಹೇಳಬೇಕಾ ಬುದ್ಧಿ? ಊರೆಲ್ಲ ನೋಡ್ತಾ ಐತೆ."

ಅರಸನಿಗೆ ನಾಚಿಕೆಯಾಯಿತು, ನಗುವೂ ಬಂತು. ಶಾಲು, ಉಂಗುರ, ಮನೆ ಮೂರೂ ನಂಜವ್ವನ ಪಾಲಾದವು. ಕಾರಿನ ಜಿಡ್ಡು ತೊಳೆಯೋಕೆ ಸುಬ್ಬರಸನ ಕೈಗೆ ಸೀಗೆಪುಡಿಯ ಡಬ್ಬಿ ಬಂತು. "ಮೆತ್ತಗೆ ಬುದ್ಧಿ, ಮೆತ್ತಗೆ" ಅಂತ ನಂಜವ್ವ ಪಕ್ಕದಲ್ಲೇ ಕೂತು ಹೇಳಿಕೊಟ್ಟಳು.

ಅದಕ್ಕೇ ಮಕ್ಕಳೇ, ಇನ್ನೊಬ್ಬರ ದುಡಿಮೆಯನ್ನು ನನ್ನದು ಅನ್ನಬೇಡಿ. ಹೊಗಳಿಕೆಯ ಹೊಳಪು ಬಿಸಿಲೇರುವ ತನಕ, ದುಡಿದ ಕೈಯ ಹೊಳಪು ಕೊನೆಯ ತನಕ. ಮನೆಯಲ್ಲಿ ಬೆಣ್ಣೆ ಇದ್ದರೆ ರೊಟ್ಟಿಗೆ ಹಚ್ಚಿಕೊಂಡು ತಿನ್ನಿ.