ಕಡಗದ ವೈದ್ಯರು

"ಗುರುಗಳೇ, ಹೆಸರಾಂತ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಆದರೆ ನನಗೆ ಬೇಕಾದ ವಿಷಯಕ್ಕಲ್ಲ. ಬೇಕಾದ ವಿಷಯ ಸಿಕ್ಕಿರುವುದು ಯಾರೂ ಹೆಸರೇ ಕೇಳದ ಕಾಲೇಜಿನಲ್ಲಿ. ಯಾವುದಕ್ಕೆ ಸೇರಲಿ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಕಾಲು ಮುರಿದುಕೊಂಡ ಕುರಿಮರಿಗೆ ಬಿದಿರಿನ ದಬ್ಬೆ ಕಟ್ಟಲು ಕೂತರೆ ಅವನಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಮನುಷ್ಯರ ಮೂಳೆ ಕಟ್ಟುವುದನ್ನೂ ಕಲಿಯಬೇಕೆಂದು ಆಸೆಪಟ್ಟ. ಪಕ್ಕದ ಹಳ್ಳಿಯಲ್ಲಿ ಮೂಳೆ ಕಟ್ಟುವ ಮುದುಕನೊಬ್ಬನಿದ್ದ. ಕೇಳಿದ್ದಕ್ಕೆ, ನಾಳೆಯಿಂದಲೇ ಬಾ ಎಂದ. ಆದರೆ ಆ ಮುದುಕನ ಹೆಸರು ನಾಲ್ಕು ಹಳ್ಳಿ ದಾಟಿರಲಿಲ್ಲ.

ಪಟ್ಟಣದಲ್ಲಿ ದೊಡ್ಡ ವೈದ್ಯಮನೆತನವಿತ್ತು. ಅಲ್ಲಿ ಕಲಿತು ಮುಗಿಸಿದವರಿಗೆ ಬೆಳ್ಳಿಯ ಕಡಗ ತೊಡಿಸುತ್ತಿದ್ದರು. ಆ ಕಡಗ ಕಂಡರೆ ಜನ ಎದ್ದು ನಿಲ್ಲುತ್ತಿದ್ದರು. ಆ ವರ್ಷ ಅಲ್ಲಿ ಕಣ್ಣಿನ ಔಷಧಿ ಕಲಿಯುವವರಿಗೆ ಮಾತ್ರ ಜಾಗವಿತ್ತು. ಮೊದಲು ಒಳಗೆ ಸೇರಿಕೊಳ್ಳೋಣ, ಆಮೇಲೆ ಹೇಗೋ ಮೂಳೆಯವರ ಕಡೆಗೆ ದಾಟಿದರಾಯಿತು ಎಂದುಕೊಂಡು ಅವನು ಅಲ್ಲಿಗೇ ಹೋದ. ಅಲ್ಲಿ ಒಂದೊಂದು ವಿದ್ಯೆಗೆ ಒಂದೊಂದು ಅಂಗಳ; ಒಂದು ಅಂಗಳದಲ್ಲಿ ಕಲಿಯುವವನು ಇನ್ನೊಂದು ಅಂಗಳಕ್ಕೆ ಕಾಲಿಡಬಾರದೆಂಬುದು ಆ ಮನೆಯ ಕಟ್ಟಳೆ. ಅದು ಗೊತ್ತಾಗುವಷ್ಟರಲ್ಲಿ ಹಳ್ಳಿಯ ಮುದುಕ ಬೇರೊಬ್ಬನನ್ನು ಸೇರಿಸಿಕೊಂಡಿದ್ದ. ಏಳು ವರ್ಷ ಬೇಸರದಿಂದಲೇ ಕಣ್ಣಿನ ಕಾಡಿಗೆ ಅರೆದು, ಕಡಗ ತೊಟ್ಟು ಊರಿಗೆ ಬಂದ.

ಬಂದ ಮೂರನೆಯ ದಿನವೇ ಬಡಗಿಯೊಬ್ಬ ಮನೆಯ ಮಾಡಿನಿಂದ ಬಿದ್ದು ಕಾಲು ಮುರಿದುಕೊಂಡ. ಜನ ಅವನನ್ನು ಪಕ್ಕದ ಹಳ್ಳಿಗೆ ಹೊತ್ತೊಯ್ಯಲು ಹೊರಟರು. ಬಡಗಿಯೇ ತಡೆದ.

"ಕಡಗದ ವೈದ್ಯರು ಊರಲ್ಲೇ ಇರುವಾಗ ಆ ಮುದುಕನ ಹತ್ತಿರ ಯಾಕ್ರಪ್ಪಾ ಹೊರಟಿರಿ?"

ಕಡಗದ ಮೇಲೆ ಮನೆತನದ ಹೆಸರಿತ್ತೇ ಹೊರತು ತೊಟ್ಟವನು ಏನು ಕಲಿತನೆಂದು ಬರೆದಿರಲಿಲ್ಲ. ನನಗೆ ಬರುವುದಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ಜನರ ಮುಂದೆ ಹಾಗೆನ್ನಲು ಅವನಿಗೆ ಬಾಯಿ ಬರಲಿಲ್ಲ. ಕುರಿಮರಿಗೆ ಕಟ್ಟುತ್ತಿದ್ದ ಹಾಗೆಯೇ ದಬ್ಬೆ ಕಟ್ಟಿದ. ಮೂಳೆ ಸೊಟ್ಟಗೆ ಕೂಡಿಕೊಂಡಿತು.

ಬಡಗಿಗೆ ಸಿಟ್ಟೇ ಬರಲಿಲ್ಲ. ಬಂದಿದ್ದರೆ ವೈದ್ಯನಿಗೆ ಹಗುರಾಗುತ್ತಿತ್ತು. ಬಡಗಿ ಕುಂಟುತ್ತಲೇ ಊರೆಲ್ಲ ತಿರುಗಿ, ದೊಡ್ಡ ಮನೆತನದವರು ಕಟ್ಟಿದ ಕಾಲು, ಅದಕ್ಕೇ ಇಷ್ಟಾದರೂ ಉಳಿಯಿತು ಎಂದು ಹೆಮ್ಮೆಯಿಂದ ತೋರಿಸುತ್ತಿದ್ದ. ಕೇಳಿ ಕೇಳಿ ವೈದ್ಯನಿಗೆ ಅನ್ನ ಸೇರದಾಯಿತು. ಒಂದು ದಿನ ಕಡಗ ಕಳಚಿಟ್ಟು, ಮೂಳೆ ಕಟ್ಟುವ ಮುದುಕನ ಬಾಗಿಲಿಗೆ ಹೋಗಿ ನಿಂತ. ಮುದುಕ ಒಳಗೆ ಕರೆದುಕೊಂಡ.

ಶಿಷ್ಯೆಗೆ ಸಮಾಧಾನವಾಯಿತು. "ಹಾಗಾದರೆ ತಡವಾಗಿಯಾದರೂ ಅವನು ಬಯಸಿದ್ದನ್ನೇ ಕಲಿತನಲ್ಲ, ಗುರುಗಳೇ?"

"ಕಲಿತ ಮಗಳೇ, ಚೆನ್ನಾಗಿಯೇ ಕಲಿತ, ಬಡಗಿ ಈಗಲೂ ಕುಂಟುತ್ತಿದ್ದಾನೆ."