ಬೆರಳಿಗೆ ಮೊದಲು ಸ್ವಿಚ್ಚು

ಹೊಳೆದಂಡೆಯ ಆ ಪುಟ್ಟ ಮಠದಲ್ಲಿ ತಾಮ್ರದ ಹಂಡೆಯೊಂದಿತ್ತು. ಸೌದೆ ಉರಿಯಲ್ಲಿ ಕಾದ ಅದರ ನೀರಿಗೆ ಹೊಗೆಯ ಘಮವಿರುತ್ತಿತ್ತು. ಆ ನೀರಿನಲ್ಲಿ ಮಿಂದವರಿಗೆ ಬೇರೆ ನೀರು ಹಿಡಿಸುವುದು ಕಷ್ಟ. ನನಗಂತೂ ಇಂದಿಗೂ ಹಿಡಿಸಿಲ್ಲ.

ಗುರುಗಳ ಸ್ನಾನಕ್ಕೆ ನೀರು ಕಾಯಿಸುತ್ತಿದ್ದವನು ಶಿಷ್ಯ ಗುರುಮಲ್ಲ. ಇಪ್ಪತ್ತು ವರ್ಷವೂ ಅವನದೊಂದೇ ಪದ್ಧತಿ. ಎರಡು ಬೆರಳು ಅದ್ದಿ ಹದ ನೋಡುವುದು, "ಆಯ್ತು ಬುದ್ಧಿ" ಎನ್ನುವುದು.

ಒಂದು ದಿನ ಹಂಡೆಯ ತಳ ಸೋರಿತು. ಭಕ್ತರೊಬ್ಬರು ಬಕೆಟ್ಟಿಗೆ ಇಳಿಬಿಡುವ ಕರೆಂಟಿನ ಹೀಟರ್ ತಂದುಕೊಟ್ಟರು.

ಮೊದಲ ಬೆಳಗ್ಗೆ ನೀರು ಸದ್ದು ಮಾಡತೊಡಗಿದ್ದೇ ಗುರುಮಲ್ಲ ಬೆರಳು ಚಾಚಿದ. ಗುರುಗಳು ಹಿಂದಿನಿಂದ ಅವನ ಹೆಗಲ ಟವೆಲ್ಲು ಹಿಡಿದು ಎಳೆದರು.

"ಹದ ನೋಡ್ತಿದ್ದೆ ಬುದ್ಧಿ."

"ಇದು ಹಂಡೆಯಲ್ಲ ಕಣಪ್ಪ, ನೀರಲ್ಲೂ ಕರೆಂಟ್ ಇದ್ದೀತು. ಮೊದಲು ಕೈ ಒರೆಸ್ಕೊ. ಸ್ವಿಚ್ ಆರಿಸು. ವೈರ್ ಜಗ್ಗಬೇಡ, ಪ್ಲಗ್ ಹಿಡಿದು ಕೀಳು. ಹೀಟರ್ ನೀರಲ್ಲೇ ಒಂದಿಷ್ಟು ಆರಲಿ, ಆಮೇಲೆ ಎತ್ತಿಡು. ಬೆರಳು ಅದ್ದೋದು ಕೊನೆಗೆ."

"ಆಗಲಿ ಬುದ್ಧಿ."

ಬಾಯಿ ಒಪ್ಪಿತು, ಕೈ ಒಪ್ಪಬೇಕಲ್ಲ. ಮರುದಿನ ಬೆರಳು ತಾನಾಗಿ ನೀರಿಗಿಳಿಯಿತು.

ಏನೂ ಆಗಲಿಲ್ಲ. ಬೆಚ್ಚಿ ತಲೆಯೆತ್ತಿದರೆ, ಗುರುಗಳು ಆಗಲೇ ಸ್ವಿಚ್ ಆರಿಸಿ ಗೋಡೆಗೊರಗಿ ನಿಂತಿದ್ದರು. ಎಂಬತ್ತು ದಾಟಿದ ಜೀವ. ಕಾದ ನೀರನ್ನು ಹಾಗೇ ಬಿಟ್ಟು ಹೊಳೆಗೆ ಹೋಗಿ ತಣ್ಣೀರಿನಲ್ಲಿ ಮಿಂದು ಬಂದರು.

ಮರುದಿನವೂ ಅದೇ ಆಯಿತು. ಅದರ ಮರುದಿನವೂ. ಆ ದಿನ ಗುರುಮಲ್ಲ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ನಂತರದ ಬೆಳಗ್ಗೆ ಗುರುಗಳು ಸ್ವಿಚ್ಚಿಗೆ ಕೈ ಚಾಚುವ ಮೊದಲೇ ಗುರುಮಲ್ಲ ಎದ್ದ. ಕೈ ಒರೆಸಿಕೊಂಡ. ಸ್ವಿಚ್ ಆರಿಸಿದ. ಪ್ಲಗ್ ಕಿತ್ತು ಸುಮ್ಮನೆ ಕಾದ. ಹೀಟರ್ ಎತ್ತಿ ಗೂಟಕ್ಕೆ ನೇತುಹಾಕಿದ ಮೇಲೆಯೇ ಎರಡು ಬೆರಳು ಅದ್ದಿದ.

"ಆಯ್ತು ಬುದ್ಧಿ" ಎಂದ. ಕಣ್ಣು ತುಂಬಿತ್ತು. "ಎರಡೇಟು ಹೊಡೆದು ಹೇಳಿದ್ರೂ ಕೇಳ್ತಿದ್ದೆ. ಈ ವಯಸ್ಸಲ್ಲಿ ನಿಮಗ್ಯಾಕೆ ತಣ್ಣೀರು? ಹಂಡೆ ಒಂದಿದ್ದಿದ್ರೆ ಈ ಪಾಡೇ ಇರ್ತಿರಲಿಲ್ಲ."

"ಹಂಡೆ ನೀರು ನಂಗೂ ನೆನಪಾಗ್ತದೆ ಕಣೋ" ಎಂದರು ಗುರುಗಳು. "ನೀನು ಒಲೆ ಊದೋ ಸದ್ದಿಗೇ ನಂಗೆ ಎಚ್ಚರ ಆಗ್ತಿದ್ದದ್ದು."

ಬಿಸಿನೀರಿನ ಬಕೆಟ್ಟನ್ನು ಅವರು ಮುಟ್ಟಲಿಲ್ಲ. ಚೊಂಬನ್ನು ಶಿಷ್ಯನ ಕೈಗಿತ್ತರು.

"ಇವತ್ತು ನೀನು ಮಿಂದ್ಕೊ. ನಾನು ಹೋದ ಮೇಲೂ ನೀನು ಇರಬೇಕಲ್ಲಪ್ಪ."